‘ಮೆಂಫಿಸ್ ಬೆಲ್’ನ ಇಪ್ಪತ್ತೈದು: ವಿಮಾನದ ಲೆಕ್ಕ ಬೇರೆ, ಸಿಬ್ಬಂದಿಯ ಲೆಕ್ಕ ಬೇರೆ

ಪ್ರಶ್ನೆ: ಎರಡನೇ ಮಹಾಯುದ್ಧದ ‘ಮೆಂಫಿಸ್ ಬೆಲ್’ ಬಾಂಬರ್ ವಿಮಾನದ 1:48 ಅಳತೆಯ ಮಾದರಿ ಕಟ್ಟುತ್ತಿದ್ದೇನೆ. ಅದರ ಚರಿತ್ರೆ ಓದಲು ಕೂತರೆ ಗೊಂದಲವೇ ಹೆಚ್ಚುತ್ತದೆ. ಅದರ 25ನೆಯ ದಾಳಿ ಎಲ್ಲಿ ನಡೆಯಿತು ಎಂಬುದಕ್ಕೆ ನಾಲ್ಕು ಉತ್ತರ ಸಿಕ್ಕಿವೆ. ಯುದ್ಧಕಾಲದ ಸಾಕ್ಷ್ಯಚಿತ್ರ ವಿಲ್ಹೆಲ್ಮ್ಸ್‌ಹಾಫನ್ ಎನ್ನುತ್ತದೆ, 1990ರ ಸಿನಿಮಾ ಬ್ರೆಮೆನ್ ಎನ್ನುತ್ತದೆ. ಒಂದು ಲೇಖನದಲ್ಲಿ ಲೋರಿಯಾಂ, ಇನ್ನೊಂದರಲ್ಲಿ ಕೀಲ್. ಯಾವುದು ನಿಜ? 25 ದಾಳಿ ಮುಗಿಸಿದ ಮೊದಲ ಬಾಂಬರ್ ಇದೇ ಹೌದೇ? ಈಗ ಅಮೆರಿಕದ ಮ್ಯೂಸಿಯಂನಲ್ಲಿ ನಿಂತಿರುವುದು ಅಂದು ಹಾರಿದ ಅದೇ ವಿಮಾನವೇ? ಮಾದರಿಗೆ ಯಾವ ಗುರುತು ಬಳಿಯಬೇಕು?

ಉತ್ತರ: ನಿಮಗೆ ಸಿಕ್ಕ ನಾಲ್ಕು ಉತ್ತರಗಳಲ್ಲಿ ಎರಡು ಸರಿ. ಲೋರಿಯಾಂ ಸರಿ, ಕೀಲ್ ಕೂಡ ಸರಿ. 1943ರ ಮೇ 17ರಂದು ಫ್ರಾನ್ಸ್‌ನ ಲೋರಿಯಾಂ ಬಂದರಿನ ಮೇಲೆ ಬಾಂಬ್ ಹಾಕಿ ಮರಳಿದಾಗ ಕ್ಯಾಪ್ಟನ್ ರಾಬರ್ಟ್ ಮೋರ್ಗನ್ ಅವರ ಸಿಬ್ಬಂದಿಯ 25 ದಾಳಿ ಮುಗಿಯಿತು. ತವರಿಗೆ ಮರಳಲು ಒಬ್ಬೊಬ್ಬರೂ ಮುಗಿಸಬೇಕಿದ್ದದ್ದು ಅಷ್ಟು. ಎರಡು ದಿನ ಕಳೆದು, ಮೇ 19ರಂದು, ಲೆಫ್ಟಿನೆಂಟ್ ಸಿ. ಎಲ್. ಆ್ಯಂಡರ್ಸನ್ ಎಂಬ ಬೇರೊಬ್ಬ ಪೈಲಟ್, ಬೇರೆಯೇ ಸಿಬ್ಬಂದಿಯೊಂದಿಗೆ ಇದೇ ವಿಮಾನವನ್ನು ಜರ್ಮನಿಯ ಕೀಲ್‌ಗೆ ಒಯ್ದು ತಂದರು. ವಿಮಾನದ 25 ಮುಗಿದದ್ದು ಅಂದು.

ಗೊಂದಲದ ಬುಡ ಇಲ್ಲೇ ಇದೆ. ಒಂದು ವಿಮಾನ, ಅದಕ್ಕೆ ಹತ್ತು ಜನ, ಅವರು ಅದರಲ್ಲೇ ಹೋಗಿ ಅದರಲ್ಲೇ ಬಂದರು ಎಂದು ನಾವು ಅಂದುಕೊಳ್ಳುತ್ತೇವೆ. ಇಂಗ್ಲೆಂಡಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಎಂಟನೇ ವಾಯುಪಡೆಯಲ್ಲಿ ಹಾಗೆ ನಡೆಯುತ್ತಿರಲಿಲ್ಲ. ವಿಮಾನ ದುರಸ್ತಿಗೆ ನಿಂತರೆ ಸಿಬ್ಬಂದಿ ಬೇರೆ ವಿಮಾನ ಹತ್ತಬೇಕು. ಸಿಬ್ಬಂದಿ ರಜೆಯಲ್ಲಿದ್ದರೆ ವಿಮಾನ ಸುಮ್ಮನೆ ನಿಲ್ಲುವಂತಿಲ್ಲ, ಬೇರೆಯವರು ಅದನ್ನು ಹಾರಿಸಬೇಕು. ಒಬ್ಬ ಗನ್ನರ್‌ಗೆ ಜ್ವರ ಬಂದರೆ ಆ ದಿನ ಅವನ ಜಾಗಕ್ಕೆ ಇನ್ನೊಬ್ಬ. ಹಾಗಾಗಿ ವಿಮಾನಕ್ಕೊಂದು ಲೆಕ್ಕ, ಪ್ರತಿಯೊಬ್ಬ ಮನುಷ್ಯನಿಗೂ ಅವನದೇ ಒಂದು ಲೆಕ್ಕ. ಇವುಗಳನ್ನು ಒಂದೇ ಪುಸ್ತಕದಲ್ಲಿ ಬರೆಯಲು ಹೋದರೆ ಎಂದಿಗೂ ತಾಳೆಯಾಗುವುದಿಲ್ಲ.

ಮೋರ್ಗನ್ ಸಿಬ್ಬಂದಿಯ ಉದಾಹರಣೆಯನ್ನೇ ನೋಡಿ. 1943ರ ಫೆಬ್ರವರಿ 4ರಂದು ಎಮ್ಡೆನ್‌ಗೆ, ಫೆಬ್ರವರಿ 26ರಂದು ವಿಲ್ಹೆಲ್ಮ್ಸ್‌ಹಾಫನ್‌ಗೆ ಅವರು ಹೋದದ್ದು ‘ಜರ್ಸಿ ಬೌನ್ಸ್’ ಎಂಬ ವಿಮಾನದಲ್ಲಿ. ಏಪ್ರಿಲ್ 5ರಂದು ಆಂಟ್ವರ್ಪ್‌ಗೆ ‘ಬ್ಯಾಡ್ ಪೆನ್ನಿ’ಯಲ್ಲಿ, ಮೇ 4ರಂದು ಮತ್ತೆ ಆಂಟ್ವರ್ಪ್‌ಗೆ ‘ದಿ ಗ್ರೇಟ್ ಸ್ಪೆಕಲ್ಡ್ ಬರ್ಡ್’ನಲ್ಲಿ. ಅತ್ತ ‘ಮೆಂಫಿಸ್ ಬೆಲ್’ 1942ರ ಡಿಸೆಂಬರ್ 30ರಂದು ಲೋರಿಯಾಂಗೆ ಹೋದಾಗ ಪೈಲಟ್ ಜಾಗದಲ್ಲಿದ್ದವರು ಜೇಮ್ಸ್ ವೆರಿನಿಸ್. 1943ರ ಮೇ 13ರಂದು ಫ್ರಾನ್ಸ್‌ನ ಮೆಯೋಲ್ಟ್‌ಗೆ ಒಯ್ದವರು ಆ್ಯಂಡರ್ಸನ್, ಮರುದಿನ ಕೀಲ್‌ಗೆ ಒಯ್ದವರು ಲೆಫ್ಟಿನೆಂಟ್ ಜಾನ್ ಮಿಲ್ಲರ್.

ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಹಾರಿದ ಪ್ರತಿ ಸಲವೂ ಲೆಕ್ಕಕ್ಕೆ ಬರುವುದಿಲ್ಲ. ಮೋಡ ಮುಚ್ಚಿ ಇಡೀ ಪಡೆಯನ್ನೇ ಅರ್ಧ ದಾರಿಯಲ್ಲಿ ವಾಪಸು ಕರೆಯುವುದಿತ್ತು. ಎಂಜಿನ್ ಕೈಕೊಟ್ಟು ಒಂದೇ ವಿಮಾನ ತಿರುಗಿ ಬರುವುದೂ ಇತ್ತು. ಶತ್ರು ನೆಲ ಮುಟ್ಟಿದ ಮೇಲೆ ತಿರುಗಿದರೆ, ಮುಟ್ಟುವ ಮೊದಲೇ ತಿರುಗಿದರೆ, ಎರಡಕ್ಕೂ ಬೇರೆ ಬೇರೆ ತೀರ್ಮಾನ. ‘ಬೆಲ್’ ಹಾರಿದ ದಿನಾಂಕಗಳನ್ನೆಲ್ಲ ಸಾಲಾಗಿ ಬರೆದರೆ 25ಕ್ಕಿಂತ ಹೆಚ್ಚು ಬರುವುದು ಇದಕ್ಕೇ. ಪಟ್ಟಿಯಲ್ಲಿ 26 ಸಾಲು ಕಂಡರೆ ಯಾರೋ ತಪ್ಪು ಬರೆದಿದ್ದಾರೆ ಎಂದು ಒಂದನ್ನು ಹೊಡೆದುಹಾಕಬೇಡಿ. ಯಾವುದಕ್ಕೆ ಮನ್ನಣೆ ಸಿಕ್ಕಿತು, ಯಾವುದಕ್ಕೆ ಸಿಗಲಿಲ್ಲ ಎಂದು ಕೇಳಿ.

ಇನ್ನು ಉಳಿದ ಎರಡು ಉತ್ತರಗಳು. ಅವೂ ಗಾಳಿಯಿಂದ ಬಂದವಲ್ಲ. ‘ಬೆಲ್’ ಏಪ್ರಿಲ್ 17ರಂದು ಬ್ರೆಮೆನ್‌ಗೆ ಹೋಗಿತ್ತು, ಮಾರ್ಚ್ 22ರಂದು ಮತ್ತು ಮೇ 15ರಂದು ವಿಲ್ಹೆಲ್ಮ್ಸ್‌ಹಾಫನ್ ಕಡೆಗೆ ಹೋಗಿತ್ತು. ಆದರೆ ಯಾವುದೂ 25ನೆಯದಲ್ಲ. ನಿರ್ದೇಶಕ ವಿಲಿಯಂ ವೈಲರ್ ವಾಯುಪಡೆಗಾಗಿ ಮಾಡಿದ, 1944ರಲ್ಲಿ ಬಿಡುಗಡೆಯಾದ ಸಾಕ್ಷ್ಯಚಿತ್ರದ ಕಥೆಯನ್ನು ವಿಲ್ಹೆಲ್ಮ್ಸ್‌ಹಾಫನ್ ದಾಳಿಯ ಸುತ್ತ ಹೆಣೆದರು. ಅದರ ಚಿತ್ರಿಕೆಗಳು ನಿಜವಾದ ಯುದ್ಧದವೇ, 16 ಎಂಎಂ ಬಣ್ಣದ ಫಿಲ್ಮ್‌ನಲ್ಲಿ ಆಕಾಶದಲ್ಲೇ ತೆಗೆದವು. ಆದರೆ ಅವು ಒಂದೇ ದಿನದವಲ್ಲ, ಒಂದೇ ವಿಮಾನದವೂ ಅಲ್ಲ. ಆ ಗದ್ದಲದಲ್ಲಿ ಧ್ವನಿ ಹಿಡಿಯಲು ಆಗುತ್ತಿರಲಿಲ್ಲವಾದ್ದರಿಂದ, ನಾವು ಕೇಳುವ ಇಂಟರ್‌ಕಾಂ ಮಾತುಗಳನ್ನು ಸಿಬ್ಬಂದಿ ಅಮೆರಿಕಕ್ಕೆ ಮರಳಿದ ಮೇಲೆ ಸ್ಟುಡಿಯೋದಲ್ಲಿ ಹೇಳಿ ಸೇರಿಸಿದರು. ಚಿತ್ರೀಕರಣಕ್ಕೆಂದು ದಾಳಿಗೆ ಹಾರಿದ ವೈಲರ್ ತಂಡದ ಹೆರಾಲ್ಡ್ ಟ್ಯಾನನ್‌ಬಾಮ್ 1943ರ ಏಪ್ರಿಲ್‌ನಲ್ಲಿ ಒಂದು ಬಿ-24 ವಿಮಾನದೊಂದಿಗೆ ಸತ್ತರು. ಆ ಚಿತ್ರವನ್ನು ಕೇವಲ ಪ್ರಚಾರ ಎಂದು ತಳ್ಳಿಹಾಕುವವರು ಇದನ್ನು ನೆನಪಿಡಬೇಕು. ಬಣ್ಣ, ಉಪಕರಣ, ಉಡುಪು ತಿಳಿಯಲು ಅದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗದು. ದಿನಾಂಕ ತಿಳಿಯಲು ಮಾತ್ರ ಅದನ್ನು ನಂಬಬೇಡಿ. 1990ರ ಸಿನಿಮಾದಲ್ಲಿ ಸಿಬ್ಬಂದಿಯ ಹೆಸರುಗಳೂ ಕಲ್ಪಿತ, ಅದನ್ನು ಚರಿತ್ರೆಯ ಪಕ್ಕ ಇಡುವ ಅಗತ್ಯವೇ ಇಲ್ಲ.

‘ಮೊದಲನೆಯದೇ?’ ಎಂಬ ನಿಮ್ಮ ಪ್ರಶ್ನೆಗೆ ಬರೋಣ. ನೇರವಾಗಿ ಹೇಳುವುದಾದರೆ, 25 ಮುಗಿಸಿದ ಮೊದಲ ವಿಮಾನ ಇದಲ್ಲ. ಮೋಲ್ಸ್‌ವರ್ತ್‌ನಲ್ಲಿದ್ದ 303ನೇ ಬಾಂಬ್ ಗ್ರೂಪಿನ ‘ಹೆಲ್ಸ್ ಏಂಜಲ್ಸ್’ ಎಂಬ, ‘ಬೆಲ್’ನಂಥದೇ ಬಿ-17 ಬಾಂಬರ್ ಮೇ 13ರಂದೇ 25 ತಲುಪಿತ್ತು. ಅದಕ್ಕೂ ಮೊದಲು 93ನೇ ಬಾಂಬ್ ಗ್ರೂಪಿನ ‘ಹಾಟ್ ಸ್ಟಫ್’ ಎಂಬ ಬಿ-24 ಲಿಬರೇಟರ್ ಫೆಬ್ರವರಿ 7ರಂದು ನೇಪಲ್ಸ್ ಮೇಲೆ ಹಾರಿ 25 ಮುಗಿಸಿತ್ತು. ಹಾಗಾದರೆ ಹೆಸರು ‘ಬೆಲ್’ಗೆ ಬಂದದ್ದೇಕೆ? ‘ಹಾಟ್ ಸ್ಟಫ್’ ತವರಿಗೆ ಹೊರಟು, ಮೇ 3ರಂದು ಕೆಟ್ಟ ಹವೆಯಲ್ಲಿ ಐಸ್‌ಲ್ಯಾಂಡಿನ ಬೆಟ್ಟಕ್ಕೆ ಬಡಿಯಿತು. ಯುರೋಪಿನಲ್ಲಿದ್ದ ಅಮೆರಿಕನ್ ಪಡೆಗಳ ಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಫ್ರಾಂಕ್ ಆ್ಯಂಡ್ರೂಸ್ ಸೇರಿ 15 ಜನರಲ್ಲಿ 14 ಮಂದಿ ಸತ್ತರು, ಬದುಕಿದ್ದು ಬಾಲದ ಗನ್ನರ್ ಒಬ್ಬ. ‘ಹೆಲ್ಸ್ ಏಂಜಲ್ಸ್’ ಇಂಗ್ಲೆಂಡಿನಲ್ಲೇ ಉಳಿದು ಯುದ್ಧ ಮುಂದುವರಿಸಿತು. ಒಟ್ಟು 48 ದಾಳಿ ಮಾಡಿ 1944ರಲ್ಲಿ ಅಮೆರಿಕಕ್ಕೆ ಮರಳಿತು, ಆಮೇಲೆ ಗುಜರಿಗೆ ಹೋಯಿತು. ‘ಬೆಲ್’ ಮಾತ್ರ 1943ರ ಜೂನ್‌ನಲ್ಲಿ ಕ್ಷೇಮವಾಗಿ ತವರು ಮುಟ್ಟಿತು, ಅದರ ಬಗ್ಗೆ ಸಿನಿಮಾ ಬೇರೆ ತಯಾರಾಗುತ್ತಿತ್ತು. ಆದ್ದರಿಂದ ಕರಾರುವಾಕ್ಕಾದ ಮಾತು ಹೀಗೆ: ಯುರೋಪಿನ ಮೇಲೆ 25 ದಾಳಿ ಮುಗಿಸಿ ಅಮೆರಿಕಕ್ಕೆ ಮರಳಿದ ಮೊದಲ ಅಮೆರಿಕನ್ ಭಾರಿ ಬಾಂಬರ್. ‘ಮರಳಿದ’ ಎಂಬ ಪದವನ್ನು ಕೈಬಿಟ್ಟರೆ ವಾಕ್ಯ ಸುಳ್ಳಾಗುತ್ತದೆ.

25 ಎಂಬ ಅಂಕಿ ಏಕೆ ದೊಡ್ಡದು ಎಂಬುದು ಗುಣಾಕಾರದಲ್ಲಿ ಗೊತ್ತಾಗುತ್ತದೆ. ಪ್ರತಿ ದಾಳಿಯಲ್ಲಿ ನೂರಕ್ಕೆ ನಾಲ್ಕು ವಿಮಾನ ಮರಳುವುದಿಲ್ಲ ಎಂದುಕೊಳ್ಳಿ. ಕೇಳಲು ಸಣ್ಣದು. ಆದರೆ 0.96ನ್ನು 25 ಸಲ ಗುಣಿಸಿದರೆ 0.36 ಬರುತ್ತದೆ, ಅಂದರೆ ನೂರರಲ್ಲಿ 36 ಮಾತ್ರ ಉಳಿಯುತ್ತವೆ. ನೂರಕ್ಕೆ ಐದಾದರೆ 28. ಕೆಲವು ದಿನ ಅದೂ ಮೀರುತ್ತಿತ್ತು. ಏಪ್ರಿಲ್ 17ರಂದು ಬ್ರೆಮೆನ್‌ನ ಫೋಕ್-ವುಲ್ಫ್ ಕಾರ್ಖಾನೆಗೆ ಹೊರಟ 115 ಬಿ-17ಗಳಲ್ಲಿ 16 ಮರಳಲಿಲ್ಲ. ಅವುಗಳಲ್ಲಿ ಆರು ‘ಬೆಲ್’ ಇದ್ದ 91ನೇ ಬಾಂಬ್ ಗ್ರೂಪಿನವು, ಆರೂ ಒಂದೇ ಸ್ಕ್ವಾಡ್ರನ್ನಿನವು (ಗ್ರೂಪಿನೊಳಗಿನ ಸಣ್ಣ ತಂಡ). ಅಂದು ‘ಬೆಲ್’ ಇದ್ದದ್ದು ಪಕ್ಕದ ಸ್ಕ್ವಾಡ್ರನ್ನಿನಲ್ಲಿ, ಅಷ್ಟೇ ವ್ಯತ್ಯಾಸ. ಯುದ್ಧ ಮುಗಿಯುವ ಹೊತ್ತಿಗೆ ಈ ಗ್ರೂಪ್ ಕಳೆದುಕೊಂಡ ವಿಮಾನಗಳು 197.

ಈಗ ಸಿಬ್ಬಂದಿ. ತವರಿಗೆ ಮರಳಿ ಫೋಟೋಗಳಲ್ಲಿ ನಿಂತ ಹತ್ತು ಜನ ಇವರು: ಪೈಲಟ್ ರಾಬರ್ಟ್ ಮೋರ್ಗನ್, ಕೋ-ಪೈಲಟ್ ಜೇಮ್ಸ್ ವೆರಿನಿಸ್, ನ್ಯಾವಿಗೇಟರ್ ಚಾರ್ಲ್ಸ್ ಲೇಟನ್, ಬಾಂಬಾರ್ಡಿಯರ್ ವಿನ್ಸೆಂಟ್ ಇವಾನ್ಸ್, ಎಂಜಿನಿಯರ್ ಮತ್ತು ಮೇಲಿನ ಟರೆಟ್ (ತಿರುಗುವ ಬಂದೂಕು ಗೂಡು) ಗನ್ನರ್ ಹೆರಾಲ್ಡ್ ಲಾಕ್, ರೇಡಿಯೋ ಆಪರೇಟರ್ ರಾಬರ್ಟ್ ಹ್ಯಾನ್ಸನ್, ಹೊಟ್ಟೆಯಡಿಯ ದುಂಡನೆಯ ಟರೆಟ್‌ನಲ್ಲಿ ಸೆಸಿಲ್ ಸ್ಕಾಟ್, ನಡುವಿನ ಕಿಟಕಿಗಳಲ್ಲಿ ಬಿಲ್ ವಿಂಚೆಲ್ ಮತ್ತು ಕ್ಯಾಸಿಮರ್ ನಾಸ್ಟಲ್, ಬಾಲದಲ್ಲಿ ಜಾನ್ ಕ್ವಿನ್ಲನ್. ಇವರನ್ನು ‘ಮೊದಲಿನಿಂದ ಕೊನೆಯವರೆಗೆ ಜೊತೆಗಿದ್ದ ಹತ್ತು ಜನ’ ಎಂದು ಬರೆಯುವುದು ತಪ್ಪು. ವೆರಿನಿಸ್ ನಡುವೆ ತಮ್ಮದೇ ವಿಮಾನದ ಕ್ಯಾಪ್ಟನ್ ಆಗಿ ಹೋಗಿ, ಆಮೇಲೆ ‘ಬೆಲ್’ಗೆ ಮರಳಿದರು. ಮೇಲಿನ ಟರೆಟ್‌ನಲ್ಲಿ ಲಾಕ್‌ಗಿಂತ ಮೊದಲು ಲೆವಿಟಿಕಸ್ ಡಿಲನ್, ಆಮೇಲೆ ಯೂಜೀನ್ ಆ್ಯಡ್ಕಿನ್ಸ್ ಇದ್ದರು. ಆ್ಯಡ್ಕಿನ್ಸ್ ಕೈಗಳು ಹಿಮಕಡಿತಕ್ಕೆ ಸಿಕ್ಕಿ ಅವರು ಹಾರಾಟ ಬಿಡಬೇಕಾಯಿತು. ನಾಸ್ಟಲ್ ಅವರ ದಾಳಿಗಳಲ್ಲಿ ಬಹುಪಾಲು ಬೇರೆ ವಿಮಾನಗಳಲ್ಲಿ ಆದವು. ಇನ್ನು ಸ್ಕಾಟ್ ಮಿಲ್ಲರ್ ಎಂಬ ಗನ್ನರ್ ಇದೇ ವಿಮಾನದ ನಡುವಿನ ಕಿಟಕಿಯಲ್ಲಿ ಹತ್ತಾರು ದಾಳಿ ನಿಂತವರು. ತವರಿಗೆ ಹೊರಡುವ ಹೊತ್ತಿಗೆ ಅವರ ವೈಯಕ್ತಿಕ ಲೆಕ್ಕ 25 ಮುಟ್ಟಿರಲಿಲ್ಲವಾಗಿ ಅವರನ್ನು ಇಂಗ್ಲೆಂಡಿನಲ್ಲೇ ಬಿಟ್ಟು ಬಂದರು. ಮೆರವಣಿಗೆ, ಫೋಟೋ, ಸಿನಿಮಾ ಎಲ್ಲಿಯೂ ಅವರಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರಿತ್ರೆಯಲ್ಲಿ ಮೊದಲು ಸರಿಪಡಿಸಬೇಕಾದ್ದು ಇದು. ನೆಲದ ಮೇಲಿನ ಮೆಕ್ಯಾನಿಕ್‌ಗಳ ಮುಖ್ಯಸ್ಥ ಜೋ ಜಾಂಬ್ರೋನ್ ಅವರ ಹೆಸರೂ ಈ ಹತ್ತರ ಜೊತೆಗೇ ಬರಬೇಕು. ಗುಂಡು ತಿಂದು ಬಂದ ವಿಮಾನವನ್ನು ರಾತ್ರಿಯಿಡೀ ಚಳಿಯಲ್ಲಿ ಬಿಚ್ಚಿ ಜೋಡಿಸಿ ಬೆಳಗ್ಗೆ ಹಾರಲು ಸಿದ್ಧಮಾಡಿದ್ದು ಅವರ ತಂಡ.

ಹೆಸರಿನ ಕಥೆ ಬಹಳ ಸಲ ಹೇಳಿದ್ದಾಗಿದೆ, ಚಿಕ್ಕದಾಗಿ ಮುಗಿಸುತ್ತೇನೆ. ಮೋರ್ಗನ್ ಆಗ ಪ್ರೀತಿಸುತ್ತಿದ್ದ ಮಾರ್ಗರೆಟ್ ಪೋಕ್ ಟೆನೆಸಿ ರಾಜ್ಯದ ಮೆಂಫಿಸ್ ಊರಿನವರು. ಮೂತಿಯ ಮೇಲಿನ ಹುಡುಗಿಯ ಚಿತ್ರ ಜಾರ್ಜ್ ಪೆಟಿ ‘ಎಸ್ಕ್ವೈರ್’ ಪತ್ರಿಕೆಗೆ ಬರೆದಿದ್ದ ಚಿತ್ರದ ಮಾದರಿಯದು. ವಿಮಾನದ ಮೇಲೆ ಅದನ್ನು ಬರೆದವರು ಇದೇ ಗ್ರೂಪಿನ ಟೋನಿ ಸ್ಟಾರ್ಸರ್. ಮೋರ್ಗನ್ ಮತ್ತು ಮಾರ್ಗರೆಟ್ ಕೊನೆಗೆ ಮದುವೆಯಾಗಲಿಲ್ಲ.

ವಿಮಾನದೊಳಗಿನ ಕೆಲಸ ಹೇಗಿತ್ತು ಎಂಬುದು ಗೊತ್ತಿದ್ದರೆ ಮಾದರಿ ಕಟ್ಟುವಾಗಲೂ ಉಪಯೋಗ. ಇದು ಬಿ-17ಎಫ್. ರೆಕ್ಕೆಯ ತುದಿಯಿಂದ ತುದಿಗೆ 103 ಅಡಿ 9 ಅಂಗುಲ, ತಲಾ 1,200 ಅಶ್ವಶಕ್ತಿಯ ನಾಲ್ಕು ರೈಟ್ ಸೈಕ್ಲೋನ್ ಎಂಜಿನ್. ಪ್ರತಿ ಎಂಜಿನ್ನಿಗೂ ಗಾಳಿಯನ್ನು ಒತ್ತಿ ತುಂಬುವ ಒಂದು ಟರ್ಬೊ-ಸೂಪರ್‌ಚಾರ್ಜರ್ ಇದ್ದದ್ದರಿಂದಲೇ 25,000 ಅಡಿಯ ತೆಳು ಗಾಳಿಯಲ್ಲಿ ಅದು ಭಾರ ಹೊತ್ತು ಹಾರಬಲ್ಲದಾಗಿತ್ತು. ಆದರೆ ಎಂಜಿನ್ನಿಗೆ ಸಿಕ್ಕ ಈ ಸವಲತ್ತು ಮನುಷ್ಯರಿಗೆ ಸಿಗಲಿಲ್ಲ. ಒಳಗೆ ಒತ್ತಡ ಕಾಯುವ ವ್ಯವಸ್ಥೆ ಇಲ್ಲ, ನಡುವಿನ ಕಿಟಕಿಗಳು ಬರೀ ತೆರೆದ ಬಾಯಿಗಳು, ಹೊರಗಿನ ಮೈನಸ್ 40 ಡಿಗ್ರಿ ಒಳಗೂ ಅಷ್ಟೇ. ಕೈಗವಸು ತೆಗೆದು ಬಂದೂಕಿನ ಲೋಹ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತಿತ್ತು. ವಿದ್ಯುತ್ತಿನಿಂದ ಬಿಸಿಯಾಗುವ ಉಡುಪು ಕೊಟ್ಟಿದ್ದರು. ಅದರ ಮೊದಲ ಮಾದರಿಗಳಲ್ಲಿ ತಂತಿಗಳನ್ನು ಹಳೆಯ ದೀಪಾವಳಿ ಸೀರಿಯಲ್ ಸೆಟ್ಟಿನಂತೆ ಒಂದರ ಹಿಂದೊಂದು ಜೋಡಿಸಿದ್ದರು. ಒಂದು ಬೂಟಿನಲ್ಲಿ ತಂತಿ ತುಂಡಾದರೆ ಇಡೀ ಉಡುಪು ತಣ್ಣಗೆ. ಮೊದಲ ವರ್ಷ ಈ ವಾಯುಪಡೆಯಲ್ಲಿ ಶತ್ರುವಿನ ಗುಂಡಿಗಿಂತ ಹಿಮಕಡಿತವೇ ಹೆಚ್ಚು ಜನರನ್ನು ಹಾರಾಟದಿಂದ ಕೆಳಗಿಳಿಸಿತು.

ಆಮ್ಲಜನಕದ ವಿಷಯ ಇನ್ನೂ ಮೋಸದ್ದು. ಉಸಿರಿನ ತೇವ ಮುಖವಾಡದಲ್ಲೇ ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡದ್ದು ಆ ಮನುಷ್ಯನಿಗೇ ತಿಳಿಯುವುದಿಲ್ಲ, ನೋವಿಲ್ಲದೆ ಮಂಪರು ಬಂದು ಬಿದ್ದುಬಿಡುತ್ತಾನೆ. ಅದಕ್ಕೇ ಒಬ್ಬರು ಇಂಟರ್‌ಕಾಂನಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಪ್ರತಿ ಜಾಗವನ್ನೂ ಕೂಗಿ ಕೇಳುತ್ತಿದ್ದರು. ಉತ್ತರ ಬರದಿದ್ದರೆ ಹತ್ತಿರದವನು ಸಣ್ಣ ಆಮ್ಲಜನಕ ಬಾಟಲಿ ಹಿಡಿದು ಓಡಬೇಕು, ಆ ಬಾಟಲಿಯೂ ಕೆಲವೇ ನಿಮಿಷ ಬರುವಂಥದ್ದು. ಮುಖವಾಡವನ್ನು ಆಗಾಗ ಕೈಯಲ್ಲಿ ಹಿಸುಕಿ ಮಂಜು ಒಡೆಯುವುದು ಅಭ್ಯಾಸವೇ ಆಗಿಬಿಟ್ಟಿತ್ತು.

ಬಂದೂಕುಗಳ ಶತ್ರುವೂ ಚಳಿಯೇ. ಅರ್ಧ ಅಂಗುಲದ ಬ್ರೌನಿಂಗ್ ಮಷೀನ್ ಗನ್ ನಿಮಿಷಕ್ಕೆ ಸುಮಾರು 800 ಗುಂಡು ಹಾರಿಸುತ್ತದೆ, ಅಂದರೆ ಸೆಕೆಂಡಿಗೆ 13. ಅದಕ್ಕೆ ನೆಲದ ಮೇಲೆ ಬಳಿಯುವಷ್ಟು ಎಣ್ಣೆ ಬಳಿದರೆ ಮೇಲೆ ಅದೇ ಗಟ್ಟಿಯಾಗಿ ಬೋಲ್ಟ್ ಹಿಡಿದುಕೊಳ್ಳುತ್ತದೆ. ಅನುಭವಸ್ಥ ಗನ್ನರ್‌ಗಳು ಭಾಗಗಳನ್ನು ಪೂರ್ತಿ ಒರೆಸಿ, ಕಂಡೂ ಕಾಣದಷ್ಟು ತೆಳುವಾಗಿ ಎಣ್ಣೆ ಸವರಿ ಜೋಡಿಸುತ್ತಿದ್ದರು. ಬಂದೂಕಿನ ಕುದುರೆ (ಟ್ರಿಗರ್) ಒತ್ತಿ ಹಿಡಿದುಕೊಂಡರೆ ನಳಿಗೆ ಕಾದು ಕೆಡುತ್ತದೆ, ಪೆಟ್ಟಿಗೆಯೂ ಬೇಗ ಬರಿದಾಗುತ್ತದೆ. ಹಾಗಾಗಿ ಚಿಕ್ಕ ಚಿಕ್ಕ ಸುರಿಮಳೆ. ಎಫ್ ಮಾದರಿಯಲ್ಲಿ ಎಡ ಬಲ ಕಿಟಕಿಗಳು ನೇರ ಎದುರುಬದುರು ಇವೆ. ಇಬ್ಬರೂ ಗನ್ನರ್‌ಗಳು ಬೆನ್ನಿಗೆ ಬೆನ್ನು ತಾಗಿಸಿ ನಿಂತು, ಕಾಲಡಿ ಉರುಳುವ ಖಾಲಿ ತೋಟೆಗಳ ಮೇಲೆ ಜಾರುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಗುರಿ ಹಿಡಿಯಬೇಕಿತ್ತು. ಈ ಕಿಟಕಿಗಳನ್ನು ಹಿಂದೆ ಮುಂದೆ ಸರಿಸಿದ್ದು ಮುಂದೆ ಬಂದ ಜಿ ಮಾದರಿಯ ಕೊನೆಯ ಕಂತುಗಳಲ್ಲಿ. ನಿಮ್ಮ ಕಿಟ್‌ನಲ್ಲಿ ಕಿಟಕಿಗಳು ಎದುರುಬದುರು ಇಲ್ಲದಿದ್ದರೆ ಅದು ‘ಬೆಲ್’ಗೆ ಆಗದು.

ಹೊಟ್ಟೆಯಡಿಯ ದುಂಡನೆಯ ಟರೆಟ್ ನೋಡಿದರೆ ಅದರೊಳಗೆ ಮನುಷ್ಯ ಹೇಗೆ ಹಿಡಿಸುತ್ತಾನೆ ಎನಿಸುತ್ತದೆ. ವಿಮಾನ ನೆಲದ ಮೇಲಿರುವಾಗ ಅದರಲ್ಲಿ ಯಾರೂ ಕೂರುವುದಿಲ್ಲ. ಮೇಲೇರಿದ ಮೇಲೆ ಬಂದೂಕುಗಳನ್ನು ನೇರ ಕೆಳಕ್ಕೆ ತಿರುಗಿಸಿದಾಗ ಬಾಗಿಲು ವಿಮಾನದ ಒಳಮುಖಕ್ಕೆ ಬರುತ್ತದೆ, ಆಗ ಇಳಿಯಬೇಕು. ಮೊಣಕಾಲು ಎದೆಗೆ ಹತ್ತಿರ, ಕಾಲುಗಳ ನಡುವೆ ಗುರಿಗಾಜು, ಇಕ್ಕೆಲದಲ್ಲಿ ಎರಡು ಬಂದೂಕು. ಪ್ಯಾರಾಚೂಟ್‌ಗೆ ಸಾಮಾನ್ಯವಾಗಿ ಜಾಗವಿಲ್ಲ, ಅದನ್ನು ಮೇಲೆ ವಿಮಾನದೊಳಗೆ ಬಿಟ್ಟು ಇಳಿಯುತ್ತಿದ್ದರು. ಸೆಸಿಲ್ ಸ್ಕಾಟ್ ಗಂಟೆಗಟ್ಟಲೆ ಹೀಗೆ ಮಡಿಸಿಕೊಂಡು ಕೂತವರು.

ಎಫ್ ಮಾದರಿಯ ನಿಜವಾದ ದೌರ್ಬಲ್ಯ ಮೂತಿ. ಜಿ ಮಾದರಿಯ ಗಲ್ಲದಡಿಯ ಟರೆಟ್ ಇನ್ನೂ ಬಂದಿರಲಿಲ್ಲ. 1942ರ ನವೆಂಬರ್‌ನಲ್ಲೇ ಜರ್ಮನ್ ಪೈಲಟ್ ಎಗೋನ್ ಮೇಯರ್ ಇದನ್ನು ಗುರುತಿಸಿ, ಹಿಂದಿನಿಂದ ಬರುವುದು ಬಿಟ್ಟು ತಲೆಗೆ ತಲೆ ಎದುರಾಗಿ ಬರುವ ಪದ್ಧತಿ ಶುರುಮಾಡಿದರು. ಎರಡೂ ವಿಮಾನಗಳ ವೇಗ ಸೇರಿದರೆ ಗಂಟೆಗೆ 800 ಕಿಲೋಮೀಟರ್ ಸುಲಭವಾಗಿ ಆಗುತ್ತದೆ. ಗುಂಡಿನ ಅಳತೆಗೆ ಬಂದ ಮೇಲೆ ಸಿಗುವುದು ಮೂರ‍್ನಾಲ್ಕು ಸೆಕೆಂಡು. ಅದಕ್ಕೇ ಮೂತಿಯ ಪಾರದರ್ಶಕ ಭಾಗದಲ್ಲಿ ಭಾರಿ ಮಷೀನ್ ಗನ್ ಕೂರಿಸುವ ಕೆಲಸವನ್ನು ನೆಲೆಗಳಲ್ಲೇ ಮಾಡಿಕೊಂಡರು. ಜನವರಿ 23ರ ಲೋರಿಯಾಂ ದಾಳಿಯಲ್ಲಿ ‘ಬೆಲ್’ ಬಾಲಕ್ಕೆ ಬಲವಾದ ಪೆಟ್ಟು ತಿಂದು, ಹೊತ್ತಿದ ಬೆಂಕಿ ಆರಿ, ಹೇಗೋ ನೆಲೆ ಮುಟ್ಟಿತು.

ಮತ್ತೆ ಮತ್ತೆ ಲೋರಿಯಾಂ ಏಕೆ ಎಂದು ಕೇಳಬಹುದು. ಲೋರಿಯಾಂ ಮತ್ತು ಸೇಂಟ್ ನಜೇರ್ ಎರಡನ್ನೇ ಸೇರಿಸಿದರೆ ‘ಬೆಲ್’ನ ಹಾರಾಟಗಳಲ್ಲಿ ಹತ್ತು ಆಗುತ್ತವೆ. ಅಟ್ಲಾಂಟಿಕ್‌ನಲ್ಲಿ ಹಡಗುಗಳನ್ನು ಮುಳುಗಿಸುತ್ತಿದ್ದ ಜರ್ಮನ್ ಜಲಾಂತರ್ಗಾಮಿಗಳ ನೆಲೆಗಳು ಅವು. ಜಲಾಂತರ್ಗಾಮಿಗಳು ನಿಲ್ಲುತ್ತಿದ್ದ ಕೊಟ್ಟಿಗೆಗಳ ಛಾವಣಿ ಹಲವು ಮೀಟರ್ ದಪ್ಪದ ಕಾಂಕ್ರೀಟ್. ಬಿ-17 ಒಯ್ಯುತ್ತಿದ್ದ ಬಾಂಬ್‌ಗಳು ಅದನ್ನು ಭೇದಿಸಲಿಲ್ಲ. ನೆಲಸಮವಾದದ್ದು ಸುತ್ತಲಿನ ಫ್ರೆಂಚ್ ಊರುಗಳು. ಆ ಕೊಟ್ಟಿಗೆಗಳು ಇವತ್ತಿಗೂ ನಿಂತಿವೆ. ‘ಬೆಲ್’ನ ಸಾಹಸ ಹೇಳುವಾಗ ಈ ಮಾತನ್ನು ಬಿಡಬಾರದು. ಬೆಲೆ ತೆತ್ತವರಲ್ಲಿ ಆ ಊರಿನವರೂ ಇದ್ದರು.

ಮೂತಿಯ ಮೇಲಿನ ಎಂಟು ಸ್ವಸ್ತಿಕ ಗುರುತುಗಳು ಬೀಳಿಸಿದ ಶತ್ರು ವಿಮಾನಗಳ ಲೆಕ್ಕ. ಇದನ್ನು ಅಂದಿನ ಹೇಳಿಕೆ ಎಂದಷ್ಟೇ ತೆಗೆದುಕೊಳ್ಳಿ. ಒಂದು ಫೈಟರ್ ಕಡೆಗೆ ಐದಾರು ಬಾಂಬರ್‌ಗಳಿಂದ ಹತ್ತಿಪ್ಪತ್ತು ಗನ್ನರ್‌ಗಳು ಗುಂಡು ಹಾರಿಸುತ್ತಾರೆ, ಅದು ಹೊಗೆಯುಗುಳುತ್ತ ಕೆಳಗೆ ಹೋಗುತ್ತದೆ, ಪ್ರತಿಯೊಬ್ಬನೂ ತನ್ನದೇ ಗುಂಡು ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಜರ್ಮನ್ ವಿಮಾನಗಳು ತಪ್ಪಿಸಿಕೊಳ್ಳಲು ಪೂರ್ತಿ ವೇಗ ಕೊಟ್ಟು ಮಗುಚಿ ಇಳಿಯುವಾಗಲೂ ಎಂಜಿನ್ ಕಪ್ಪು ಹೊಗೆ ಬಿಡುತ್ತಿತ್ತು. ಯಾರೂ ಸುಳ್ಳು ಹೇಳಬೇಕಾಗಿರಲಿಲ್ಲ, ಒಂದು ಎರಡು ಮೂರಾಗಲು ಅಷ್ಟೇ ಸಾಕಿತ್ತು.

1943ರ ಮೇ 26ರಂದು ಬ್ರಿಟನ್ನಿನ ರಾಜ ರಾಣಿ ಬ್ಯಾಸಿಂಗ್‌ಬೋರ್ನ್ ನೆಲೆಗೆ ಬಂದು ಸಿಬ್ಬಂದಿಯನ್ನು ಕಂಡರು. ಜೂನ್‌ನಲ್ಲಿ ‘ಬೆಲ್’ ಅಮೆರಿಕಕ್ಕೆ ಹಾರಿ, ಯುದ್ಧದ ಸಾಲಪತ್ರ ಮಾರಾಟಕ್ಕಾಗಿ ಮೂರು ತಿಂಗಳು 31 ಊರು ಸುತ್ತಿತು. ಮೋರ್ಗನ್ ಮನೆಯಲ್ಲಿ ಕೂರಲಿಲ್ಲ. ಇವಾನ್ಸ್ ಅವರನ್ನೂ ಕರೆದುಕೊಂಡು ಬಿ-29 ಬಾಂಬರ್ ಪಡೆಗೆ ಹೋದರು. 1944ರ ನವೆಂಬರ್ 24ರಂದು ಸೈಪಾನ್ ದ್ವೀಪದಿಂದ ಟೋಕಿಯೋ ಮೇಲಿನ ಮೊದಲ ಬಿ-29 ದಾಳಿಗೆ ಮುಂದಾಳಾಗಿ ಹಾರಿದ ‘ಡಾಂಟ್ಲೆಸ್ ಡಾಟಿ’ಯ ಪೈಲಟ್ ಅವರೇ. ಇತ್ತ ‘ಬೆಲ್’ ತರಬೇತಿಗೆ ಬಳಕೆಯಾಗಿ, ಯುದ್ಧ ಮುಗಿದಾಗ ಒಕ್ಲಹಾಮಾದ ಆಲ್ಟಸ್‌ನಲ್ಲಿ ಗುಜರಿಗೆ ಕಾದು ನಿಂತಿತ್ತು. ಮೆಂಫಿಸ್ ನಗರ 350 ಡಾಲರ್ ಕೊಟ್ಟು ಕೊಂಡುಕೊಂಡಿತು, 1946ರ ಜುಲೈನಲ್ಲಿ ಅದು ಆ ಊರಿಗೆ ಹಾರಿ ಬಂತು.

‘ಅದೇ ವಿಮಾನವೇ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ: ಹೌದು, ಆದರೆ ಪ್ರತಿ ತಗಡೂ 1942ರದ್ದಲ್ಲ. ಎಂಜಿನ್, ರೆಕ್ಕೆ, ಬಾಲದ ಭಾಗಗಳು ಯುದ್ಧ ನಡೆಯುತ್ತಿದ್ದಾಗಲೇ ಬದಲಾಗಿದ್ದವು. ಆ ಬದಲಾವಣೆಯೂ ಅದರ ಚರಿತ್ರೆಯ ಭಾಗವೇ. ಹಾನಿ ಆದದ್ದು ಆಮೇಲೆ, ಮೆಂಫಿಸ್‌ನಲ್ಲಿ ದಶಕಗಟ್ಟಲೆ ಬಯಲಲ್ಲಿ ನಿಂತಾಗ. ಮಳೆ ನೀರು ತಗಡಿನ ಜೋಡಣೆಗಳಲ್ಲಿ ಇಳಿದು ನಿಂತಿತು, ಜನ ಒಳಗಿನ ಉಪಕರಣ ಕಿತ್ತು ಒಯ್ದರು. 1987ರಲ್ಲಿ ಛಾವಣಿ ಕಟ್ಟಿದರೂ ಬದಿಗಳು ತೆರೆದೇ ಇದ್ದವು, ಪಾರಿವಾಳಗಳು ಮನೆಮಾಡಿದವು. ಹಕ್ಕಿಯ ಹಿಕ್ಕೆಯಲ್ಲಿರುವ ಆಮ್ಲ ಅಲ್ಯುಮಿನಿಯಂ ತಿನ್ನುತ್ತದೆ. ಅಲ್ಯುಮಿನಿಯಂ ತಗಡಿಗೆ ಉಕ್ಕಿನ ಬೋಲ್ಟ್ ತಾಗಿದ ಕಡೆ ತೇವ ಸೇರಿದರೆ ಸಣ್ಣ ಬ್ಯಾಟರಿಯಂತಾಗಿ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಬಣ್ಣ ಬಳಿದು ಮುಚ್ಚಿದರೆ ಒಳಗೊಳಗೇ ಬೆಳೆಯುತ್ತದೆ. 2005ರಲ್ಲಿ ಓಹಾಯೋದ ಡೇಟನ್‌ನಲ್ಲಿರುವ ಅಮೆರಿಕದ ವಾಯುಪಡೆ ಮ್ಯೂಸಿಯಂಗೆ ಅದನ್ನು ಸಾಗಿಸಿದಾಗ ಮೊದಲು ಮಾಡಬೇಕಾದದ್ದು ಬಣ್ಣ ಕೀಳುವ ಕೆಲಸ. ತಿಂದುಹೋದ ಭಾಗ ಗುರುತಿಸಿ, ಉಳಿಸಬಹುದಾದ್ದನ್ನು ಉಳಿಸಿ, ಉಳಿಯದಲ್ಲಿ ಅದೇ ದಪ್ಪದ ತಗಡು ಕತ್ತರಿಸಿ ಅದೇ ಸಾಲಿನಲ್ಲಿ ರಿವೆಟ್ ಹೊಡೆಯಬೇಕು. ಇದಕ್ಕೆ ಸುಮಾರು 13 ವರ್ಷ, 55,000 ಗಂಟೆಗೂ ಮೀರಿದ ದುಡಿಮೆ ಹಿಡಿಯಿತು. 2018ರ ಮೇ 17ರಂದು, ಲೋರಿಯಾಂ ದಾಳಿಯಾಗಿ ಸರಿಯಾಗಿ 75 ವರ್ಷಕ್ಕೆ, ಅದನ್ನು ಜನರ ಮುಂದಿಟ್ಟರು.

ಕೂಡಿಸಿ ಕಟ್ಟಿದ ವಿಮಾನ ನಿಜವಾದದ್ದಲ್ಲ ಎನ್ನುವವರಿಗೆ ನಮ್ಮ ಬೆಂಗಳೂರಿನ ಉದಾಹರಣೆ ಕೊಡಬೇಕು. ಬ್ರಿಟಿಷರು ಹಾಳುಗೆಡವಿ ಕಾನ್ಪುರದಲ್ಲಿ ಬಿಟ್ಟುಹೋದ ಬಿ-24 ಲಿಬರೇಟರ್‌ಗಳನ್ನು 1948ರಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ನ ಕೆಲಸಗಾರರು ಹಾರುವಷ್ಟು ಸರಿಮಾಡಿ, ಬೆಂಗಳೂರಿಗೆ ತಂದು ಪೂರ್ತಿ ದುರಸ್ತಿ ಮಾಡಿದರು. ನಮ್ಮ ವಾಯುಪಡೆ ಅವನ್ನು 1968ರವರೆಗೆ ಹಾರಿಸಿತು. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ, ಕೆನಡಾದ ಆಟವಾ, ಅಮೆರಿಕದ ಪಿಮಾ ಮ್ಯೂಸಿಯಂಗಳಲ್ಲಿ ಇರುವ ಲಿಬರೇಟರ್‌ಗಳು ಇವೇ. ಬೆಂಗಳೂರಿನ ಆ ದುರಸ್ತಿ ಇಲ್ಲದಿದ್ದರೆ ಅವು ಉಳಿಯುತ್ತಲೇ ಇರಲಿಲ್ಲ.

ಇನ್ನು ನಿಮ್ಮ ಮಾದರಿ. ಮೊದಲು ಯಾವ ದಿನದ ‘ಬೆಲ್’ ಎಂದು ಗೊತ್ತುಮಾಡಿಕೊಳ್ಳಿ. 1943ರ ಮೇ ಕೊನೆಯದಾದರೆ ಈ ನಾಲ್ಕು ತಪ್ಪು ಆಗದಂತೆ ನೋಡಿ. ರಾಷ್ಟ್ರಚಿಹ್ನೆ ನೀಲಿ ವೃತ್ತದೊಳಗಿನ ಬಿಳಿ ನಕ್ಷತ್ರ ಮಾತ್ರ. ಇಕ್ಕೆಲದ ಬಿಳಿ ಪಟ್ಟಿಗಳ ಆದೇಶ ಬಂದದ್ದು ಜೂನ್ 29ರಂದು, ಆ ಹೊತ್ತಿಗೆ ‘ಬೆಲ್’ ಇಂಗ್ಲೆಂಡ್ ಬಿಟ್ಟಾಗಿತ್ತು. ಬಾಲದ ಮೇಲೆ ತ್ರಿಕೋನದೊಳಗಿನ ‘ಎ’ ಹಾಕಬೇಡಿ, 91ನೇ ಗ್ರೂಪಿನ ಆ ಗುರುತೂ ಆಮೇಲಿನದು. ಬಾಲದ ಅಂಕಿ ಹಳದಿಯಲ್ಲಿ 124485. ಪೂರ್ಣ ಸಂಖ್ಯೆ 41-24485, ಮೊದಲ ಎರಡಂಕಿ ಆರ್ಡರ್ ಕೊಟ್ಟ ವರ್ಷ 1941ನ್ನು ಹೇಳುತ್ತವೆ, ಬರೆಯುವಾಗ ಮೊದಲ 4 ಬಿಡುವುದು ರೂಢಿ. ಮೂತಿಯ ಹುಡುಗಿಯ ಉಡುಪು ಎಡಬದಿಯಲ್ಲಿ ನೀಲಿ, ಬಲಬದಿಯಲ್ಲಿ ಕೆಂಪು. ಕಿಟ್‌ಗಳ ಡೆಕಾಲ್‌ಗಳಲ್ಲಿ (ನೀರಲ್ಲಿ ನೆನೆಸಿ ಅಂಟಿಸುವ ಗುರುತುಚಿತ್ರ) ಇದು ಅದಲುಬದಲಾಗಿರುವುದುಂಟು, ನೀರಿಗೆ ಹಾಕುವ ಮೊದಲೇ ನೋಡಿ. ಒಡಲಿನ ಅಕ್ಷರಗಳು 324ನೇ ಸ್ಕ್ವಾಡ್ರನ್ನಿನ ‘ಡಿಎಫ್’, ವಿಮಾನದ ಸ್ವಂತ ಅಕ್ಷರ ‘ಎ’. ಮೇಲೆ ಆಲಿವ್ ಹಸಿರು, ಕೆಳಗೆ ಬೂದು. ಇಡೀ ಮೈಗೆ ಒಂದೇ ಹಸಿರು ಹೊಡೆದರೆ ಆಟಿಕೆಯಂತೆ ಕಾಣುತ್ತದೆ. ಚುಕ್ಕಾಣಿ, ಎಲಿವೇಟರ್, ರೆಕ್ಕೆಯ ಐಲರಾನ್‌ಗಳು, ಅಂದರೆ ವಿಮಾನವನ್ನು ತಿರುಗಿಸಲು ಅಲುಗುವ ಭಾಗಗಳು, ಲೋಹವಲ್ಲ, ಬಟ್ಟೆ ಹೊದಿಸಿದವು. ಅವುಗಳ ಮೇಲೆ ಬಣ್ಣ ಬೇರೆ ರೀತಿ ಮಾಸುತ್ತದೆ, ಆ ಭಾಗಗಳಿಗೆ ಒಂದು ಛಾಯೆ ಬದಲಿಸಿ.

1943ರ ಬೇಸಿಗೆಯ ಸಾಲಪತ್ರ ಪ್ರವಾಸದ ‘ಬೆಲ್’ ಮಾಡುವುದಾದರೆ ಇನ್ನೊಂದು ವಿಷಯ. ಊರೂರಲ್ಲಿ ನೋಡಲು ಬಂದ ಜನ ಬಣ್ಣದ ಮೇಲೆ ತಮ್ಮ ಹೆಸರು ಕೆತ್ತಿದ್ದರು, ಗೀರು ತಗಡಿನವರೆಗೂ ಇಳಿದಿತ್ತು. ಡೇಟನ್‌ನಲ್ಲಿ ಬಣ್ಣ ಕಿತ್ತಾಗ ಆ ಹೆಸರುಗಳು ಮತ್ತೆ ಕಂಡವು. 1:48ರಲ್ಲಿ ಅದನ್ನು ತೋರಿಸಲು ಹೆಸರು ಬರೆಯಲು ಹೋಗಬೇಡಿ. ಕೈಗೆಟುಕುವ ಎತ್ತರದವರೆಗೆ ಮಾತ್ರ, ಸೂಜಿಯ ಮೊನೆಯಲ್ಲಿ ತೆಳುವಾಗಿ ಗೀರಿ ಬೆಳ್ಳಿಬಣ್ಣ ಇಣುಕುವಂತೆ ಬಿಟ್ಟರೆ ಸಾಕು.